ಅಕ್ಕ ತೊಳೆದ ಕಲ್ಲು

ಸೋರುವ ರೇಡಿಯೇಟರ್‌ಗಳನ್ನು ಮುಚ್ಚುತ್ತ ಮುಚ್ಚುತ್ತಲೇ ಮೇಸ್ತ್ರಿಯ ತಲೆ ನರೆತಿತ್ತು. ಅಂಥವನು ಒಂದು ದಿನ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಎತ್ತಲು ಬಗ್ಗಿದ. ಸೊಂಟದಲ್ಲಿ ಏನೋ ಟಕ್ ಎಂದಿತು. ಇದ್ದಲ್ಲೇ ಕುಸಿದ. ಬೆನ್ನಿನ ಡಿಸ್ಕ್ ಜಾರಿದೆ, ಬಗ್ಗುವಂತಿಲ್ಲ, ಎತ್ತುವಂತಿಲ್ಲ, ಹಲಗೆಯ ಮೇಲೆ ಅಂಗಾತ ಮಲಗಿರಬೇಕು ಎಂದರು ಡಾಕ್ಟರು.

ಹೆಂಡತಿ ಬಟ್ಟೆ ಕಾರ್ಖಾನೆಗೆ ಹೋಗದಿದ್ದರೆ ಒಲೆ ಉರಿಯುವಂತಿರಲಿಲ್ಲ. ಹಾಗಾಗಿ ಹಗಲಿನಲ್ಲಿ ಅವನನ್ನು ನೋಡಿಕೊಳ್ಳಲು ಎರಡು ಬೀದಿ ಆಚೆಯಿಂದ ಅಕ್ಕ ಬರತೊಡಗಿದಳು. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲು ಮಾತಿನ ಮಗು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಮುಂದೆ ಅವಳಿಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಗಂಡನೂ ಹೋದ. ಈಗಲೂ ಅವಳ ಬಾಯಲ್ಲಿ ಮೇಸ್ತ್ರಿ ‘ಪುಟ್ಟ’ನೇ.

ಮಲಗಿದವನ ಕಣ್ಣೆದುರಿಗೆ ಇದ್ದದ್ದು ಒಂದು ಬೋಳು ಗೋಡೆ. ನೋಡಿ ನೋಡಿ ಅದರ ಬಿರುಕುಗಳೆಲ್ಲ ಬಾಯಿಪಾಠವಾದವು. ಒಮ್ಮೆ ಮೊಬೈಲಿನಲ್ಲಿ ಯಾರೋ ಗಾಜಿನ ತೊಟ್ಟಿಯೊಳಗೆ ಹಸಿರು ತೋಟವನ್ನೇ ಬೆಳೆಸಿದ್ದು ಕಂಡಿತು. ಎಲೆಗಳ ನಡುವೆ ಪುಟಾಣಿ ಮೀನುಗಳು. ಅದರ ಹುಚ್ಚು ಹತ್ತಿತು. ಕೈಯಲ್ಲಿ ಕಾಸಿರಲಿಲ್ಲ, ಆದರೆ ಗ್ಯಾರೇಜಿನ ಮೂಲೆಯಲ್ಲಿ ಸ್ಪ್ಯಾನರ್ ತುಂಬಿಟ್ಟಿದ್ದ ಹಳೇ ಮೀನಿನ ತೊಟ್ಟಿಯೊಂದಿತ್ತು. ಅದನ್ನು ತರಿಸಿ ಆ ಗೋಡೆಯ ಮುಂದೆ ಮೇಜಿನ ಮೇಲೆ ಇಡಿಸಿದ. ತಳಕ್ಕೆ ತೋಟದ ಮಣ್ಣು, ಮೇಲೆ ಹೊಳೆಯ ಸಣ್ಣ ಕಲ್ಲು, ಬೆಳಕಿಗೆ ಹಳೇ ಟೇಬಲ್ ಲ್ಯಾಂಪು. ಎಲ್ಲ ಪುಕ್ಕಟೆ. ಗಿಡ ಮತ್ತು ಗಾಳಿ ಪಂಪು ಕೊಂಡರೆ ಮುಗಿಯಿತು.

“ನೀನು ಕೈ, ನಾನು ತಲೆ. ಆಯ್ತಾ?” ಎಂದ ಅಕ್ಕನಿಗೆ.

“ತಲೆ ನೆಟ್ಟಗಿದ್ದಿದ್ರೆ ಆ ಭಾರ ಯಾಕೆ ಎತ್ತೋಕೆ ಹೋಗ್ತಿದ್ದೆ?” ಎಂದು ಅಕ್ಕ ಸೆರಗು ಸಿಕ್ಕಿಸಿದಳು.

ಮೊದಲ ದಿನವೇ ತೊಟ್ಟಿ ಸೋರಿತು. ಊರಿನವರ ಸೋರಿಕೆಯೆಲ್ಲ ಮುಚ್ಚಿದವನ ಮನೆಯಲ್ಲೇ! ಅಂಟು ತರಿಸಿದ. “ಒಂದೇ ಎಳೆತ, ಮಧ್ಯೆ ನಿಲ್ಲಿಸಬೇಡ” ಎಂದು ಹಾಸಿಗೆಯಿಂದಲೇ ಕೂಗಿದ. ಅಕ್ಕ ನಾಲ್ಕು ಕಡೆ ನಿಲ್ಲಿಸಿದಳು, ಬೆರಳಿನಿಂದ ಮೆತ್ತಿದಳು, ಅದೇ ಬೆರಳಿನಿಂದ ತಲೆ ಕೆರೆದುಕೊಂಡಳು. ಕೂದಲಿಗೆ ಹತ್ತಿದ ಅಂಟನ್ನು ಕೊನೆಗೆ ಕತ್ತರಿಯಿಂದ ಬಿಡಿಸಬೇಕಾಯಿತು. ಆದರೂ ಸೋರುವುದು ನಿಂತಿತು.

ಮಣ್ಣು ಜರಡಿ ಹಿಡಿದು ಹಾಸಿದ್ದಾಯಿತು, ಕಲ್ಲು ಹರಡಿದ್ದಾಯಿತು. ಉದ್ದೆಲೆಯ ಹುಲ್ಲಿನಂಥ ಗಿಡಗಳನ್ನು ಅಕ್ಕ ಒಂದೊಂದಾಗಿ ನೆಟ್ಟು, ಮಣ್ಣು ಏಳದಂತೆ ಅದರ ಮೇಲೊಂದು ತಟ್ಟೆ ಇಟ್ಟು ತಟ್ಟೆಯ ಮೇಲೆ ನೀರು ಸುರಿದಳು. ಮೇಸ್ತ್ರಿಯ ಎದೆ ಉಬ್ಬಿತು. “ಪಂಪು ಹಾಕು” ಎಂದ.

ಗುಳುಗುಳು ಎಂದು ಗುಳ್ಳೆ ಎದ್ದವು. ಗುಳ್ಳೆಗಳ ಮೇಲೆ ಗುಳ್ಳೆ. ನೋಡನೋಡುತ್ತಿದ್ದಂತೆ ಬಿಳಿ ನೊರೆ, ಒಲೆಯ ಮೇಲಿನ ಹಾಲಿನಂತೆ, ತೊಟ್ಟಿಯ ಅಂಚು ದಾಟಿ ಮೇಜಿನ ಮೇಲಿಂದ ನೆಲಕ್ಕಿಳಿಯಿತು.

“ಅಕ್ಕಾ, ಕಲ್ಲು ಯಾವುದರಲ್ಲಿ ತೊಳೆದೆ?”

“ಸೋಪಿನ ಪುಡೀಲಿ. ಹೊಳೇ ಕಲ್ಲು ಕಣೋ, ಯಾವ ದನ ಏನು ಮಾಡಿತ್ತೋ. ಎರಡು ಸಲ ತಿಕ್ಕಿದೀನಿ.”

ಮೇಸ್ತ್ರಿ ಹಣೆ ಚಚ್ಚಿಕೊಂಡ. ಸೋಪಿನ ನೀರಿನಲ್ಲಿ ಮೀನು ಬದುಕುತ್ತದೆಯೇ? ಎಲ್ಲ ಕಿತ್ತು, ಕಲ್ಲನ್ನು ಬರೀ ನೀರಿನಲ್ಲಿ ಜಾಲಿಸಿ ಜಾಲಿಸಿ, ಮಣ್ಣು ಎಸೆದು, ಮತ್ತೆ ಮೊದಲಿನಿಂದ ಶುರು. ಈ ಸಲ ನೊರೆ ಬರಲಿಲ್ಲ. ಬದಲಿಗೆ ನೀರು ಗಂಜಿಯಂತೆ ಬೆಳ್ಳಗಾಯಿತು. “ಮುಟ್ಟಬೇಡ, ತಾನಾಗೇ ತಿಳಿಯಾಗುತ್ತೆ” ಎಂದ. ಅವನು ಮಧ್ಯಾಹ್ನ ನಿದ್ದೆ ಹೋದಾಗ ಅಕ್ಕ ಅಷ್ಟೂ ನೀರು ಬದಲಿಸಿದಳು. ಮಾರನೆಯ ದಿನ ಮತ್ತೆ ಗಂಜಿ. ಕೇಳಿದರೆ, “ಮನೆಗೆ ಬಂದವರು ನೋಡಿದ್ರೆ ಏನಂತಾರೆ?” ಎಂದಳು. ಕೈಯಿದ್ದೂ ಕೈಯಿಲ್ಲದವನಂತೆ ಬಿದ್ದುಕೊಂಡಿದ್ದ ಮೇಸ್ತ್ರಿ ಸೂರು ನೋಡಿದ. ತಾನು ಎದ್ದು ನಿಲ್ಲುವಂತಿದ್ದರೆ ಅರ್ಧ ಗಂಟೆಯ ಕೆಲಸ. ಈಗ ಇನ್ನೊಬ್ಬರ ಬೆರಳಿನಿಂದ ಸೂಜಿಗೆ ದಾರ ಪೋಣಿಸಿದಂತೆ ಆಗಿತ್ತು.

ಕೊನೆಗೊಮ್ಮೆ ನೀರು ತಿಳಿಯಾಗತೊಡಗಿತು. ಆಗ ಗಿಡಗಳ ಎಲೆ ಕಂದಿ, ಲೋಳೆಯಾಗಿ ಕರಗಿದವು. ಹೊಸ ನೀರಿಗೆ ಬಂದ ಗಿಡ ಹಳೇ ಎಲೆ ಬಿಡುತ್ತದೆ, ಬುಡ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದ. ಅಕ್ಕನಿಗೂ ಹೇಳಿದ್ದ. ಆದರೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ತೊಟ್ಟಿಯ ಒಂದು ಬದಿ ಬೋಳು. ಅಕ್ಕ ಕೊಳೆತ ಗಿಡಗಳನ್ನು ಬೇರು ಸಮೇತ ಕಿತ್ತು ಕಸದ ಬುಟ್ಟಿಗೆ ಹಾಕಿದ್ದಳು.

ಅಲ್ಲಿಗೆ ಅವನ ತಾಳ್ಮೆಯ ಕಟ್ಟೆ ಒಡೆಯಿತು.

“ಏನೂ ಬೆಳೆಸೋಕೆ ಬರಲ್ಲ ನಿನಗೆ! ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು. ನಿನ್ನ ಕೈಗೆ ಸಿಕ್ಕಿದ್ದು ಯಾವುದು ಬದುಕಿದೆ ಹೇಳು!”

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸುವುದು ನಿಂತಿತು.

“ನೀನು ಬದುಕಿದೀಯಲ್ಲ” ಎಂದಳು, ಮೆಲ್ಲಗೆ.

ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು. ನೀರಿನ ಚೊಂಬನ್ನು ಅವನ ಕೈಗೆಟುಕುವಂತೆ ಇಟ್ಟಳು. ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಸಂಜೆ ಹೆಂಡತಿ ಬಂದಾಗ ಮುಚ್ಚಿಡಲು ನೋಡಿದ. ಅವಳು ಬಿಡಲಿಲ್ಲ. ಕೇಳಿ ಮುಗಿಸಿದವಳು ಚಪ್ಪಾಳೆ ತಟ್ಟುವುದೊಂದು ಬಾಕಿ. “ಭೇಷ್! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾಳೆ ಅತ್ತಿಗೆ ಬರದಿದ್ರೆ ಆ ತೊಟ್ಟಿ ನೀರೇ ಕುಡೀರಿ.”

ಮಾರನೆಯ ಬೆಳಿಗ್ಗೆ ಅಕ್ಕ ಬರಲಿಲ್ಲ. ಅವನ ಫೋನೂ ಎತ್ತಲಿಲ್ಲ. ಒಬ್ಬನೇ ಬಿದ್ದುಕೊಂಡ ಮೇಸ್ತ್ರಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟು ಸುತ್ತಿ ಬಳಸಿ ತೊಟ್ಟಿಯ ಮೇಲೆ ಹೋಯಿತು. ಸಿಟ್ಟು ಬಂದ ಗಂಡಸಿಗೆ ಬುದ್ಧಿ ಮೊಣಕಾಲಿನಲ್ಲಿ. ಈ ಪೀಡೆಯೇ ಬೇಡ, ಖಾಲಿ ಮಾಡಿಬಿಡುತ್ತೇನೆ ಎಂದು ಗೋಡೆ ಹಿಡಿದು ಎದ್ದ. ಟ್ಯಾಂಕಿನಿಂದ ಡೀಸೆಲ್ ಎಳೆದ ಅನುಭವವಿತ್ತು. ಪೈಪಿನ ಒಂದು ತುದಿ ತೊಟ್ಟಿಗಿಳಿಸಿ ಇನ್ನೊಂದರಿಂದ ಎಳೆದ. ಬಾಯಿ ತುಂಬ ಕೊಚ್ಚೆ ನೀರು ಬಂತು. ಥೂ ಎಂದು ಉಗಿದು, ಕಾಲಿನಿಂದಲೇ ಬಕೆಟ್ಟು ಸರಿಸಿ, ಪೈಪನ್ನು ಅದರೊಳಗೆ ಬಿಟ್ಟ.

ಬಕೆಟ್ಟು ತುಂಬುತ್ತದೆ ಎಂಬುದು ಹೊಳೆದದ್ದು ಅದು ತುಂಬಿ ಹರಿದಾಗಲೇ. ಪೈಪಿನ ತುದಿ ಎತ್ತಿಕೊಳ್ಳಲು ಬಗ್ಗಬೇಕು, ಬಗ್ಗುವಂತಿಲ್ಲ. ಕಾಲಿನಿಂದ ಒದೆಯಲು ಹೋದ, ಒದ್ದೆ ನೆಲ ಜಾರಿತು. ದೊಪ್ಪನೆ ಕುಳಿತುಬಿಟ್ಟ. ಕಣ್ಣಿಗೆ ಕತ್ತಲೆ ಕವಿಯಿತು. ಫೋನು ಹಾಸಿಗೆಯ ಮೇಲಿತ್ತು, ಹಾಸಿಗೆ ಎಟುಕುವಂತಿರಲಿಲ್ಲ. ನೀರು ಮಾತ್ರ ಸಾವಕಾಶವಾಗಿ ಅವನ ಸುತ್ತ ಹರಡುತ್ತ ಬಂತು. ಲುಂಗಿ ನೆನೆಯಿತು, ಚಾಪೆ ನೆನೆಯಿತು. ಗಟ್ಟಿಯಾಗಿ ಬೈಯೋಣವೆಂದರೆ ಕೇಳಲು ಯಾರೂ ಇರಲಿಲ್ಲ. ಅಷ್ಟು ದೊಡ್ಡ ಆಳು ಕೆಸರಿನಲ್ಲಿ ಕುಳಿತು ಅತ್ತ.

ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಕೈಯಲ್ಲಿ ಡಬ್ಬಿ ಹಿಡಿದು ಅಕ್ಕ ನಿಂತಿದ್ದಳು.

“ನಿನ್ನ ಹೆಂಡ್ತಿ ಫೋನ್ ಮಾಡಿ ಗೋಗರೆದಳು, ಅದಕ್ಕೆ ಬಂದೆ” ಎಂದವಳು ನೆಲ ನೋಡಿ ಅಲ್ಲೇ ಡಬ್ಬಿ ಇಟ್ಟಳು. “ಎಲ್ಲಿ ನೋವು?”

“ಎಲ್ಲಾ ಕಡೆ. ಅಕ್ಕಾ, ನಾನು ನಿನ್ನೆ ಅಂದದ್ದು...”

“ಅಂದದ್ದು ಅಂದಾಯ್ತು. ನನಗೂ ನಿದ್ದೆ ಬರಲಿಲ್ಲ, ನಿನಗೂ ಬರದೇ ಇರಲಿ ಅಂತ ಬಯಸಿದೆ. ಈಗ ನನ್ನ ಕತ್ತು ಹಿಡ್ಕೋ.”

ಅವನ ಕಂಕುಳಿಗೆ ಕೈ ಕೊಟ್ಟು, ಏದುಸಿರು ಬಿಡುತ್ತ, ಅಂತೂ ಹಲಗೆಗೆ ಸೇರಿಸಿದಳು. ನೆಲ ಒರೆಸಿದಳು. ಬಂದು ನೋಡಿದ ಡಾಕ್ಟರು ಬೈದು, ಮಲಗುವ ಶಿಕ್ಷೆಯನ್ನು ಇನ್ನೊಂದು ತಿಂಗಳು ಹೆಚ್ಚಿಸಿ ಹೋದರು.

ಅವರು ಹೋದ ಮೇಲೆ ಅಕ್ಕ ತೊಟ್ಟಿಯ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು. ತಳದಲ್ಲಿ ಒಂದಿಷ್ಟು ಕೆಸರು, ವಾಲಿಕೊಂಡ ಕೆಲವು ಬುಡಗಳು.

“ಹೇಳು ಈಗ. ಒಂದೊಂದಾಗಿ. ಬೈಯದೆ ಹೇಳಿದ್ರೆ ಮಾತ್ರ ಮಾಡ್ತೀನಿ.”

ಬೈಯದೆ ಹೇಳುವುದು ಅವನಿಗೆ ಸೊಂಟನೋವಿಗಿಂತ ಕಷ್ಟವಾಯಿತು. ಅವಳಿಗೆ ಮುಟ್ಟದೆ ಬಿಡುವುದು ಅದಕ್ಕಿಂತ ಕಷ್ಟ. ಕೈ ತುರಿಸಿದಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಗಾಜಿಗೆ ಪಾಚಿ ಹತ್ತಿತು, ಕೆರೆದರೆ ಮತ್ತೆ ಹತ್ತಿತು. ಎಲ್ಲಿಂದಲೋ ಬಸವನಹುಳುಗಳು ಹುಟ್ಟಿಕೊಂಡವು. ಅರ್ಧದಷ್ಟು ಗಿಡ ಸತ್ತೇಹೋಯಿತು. ಉಳಿದರ್ಧ ಮಾತ್ರ, ಒಲ್ಲದ ಮನಸ್ಸಿನಿಂದ ಎಂಬಂತೆ, ಚಿಗುರು ಬಿಟ್ಟಿತು. ನೀರು ಕನ್ನಡಿಯಂತೆ ತಿಳಿಯಾದ ದಿನ ಅಕ್ಕ ಸ್ಟೂಲಿನಿಂದ, ಮೇಸ್ತ್ರಿ ಹಲಗೆಯಿಂದ ಅದನ್ನೇ ನೋಡಿದರು.

“ಮೀನು ತರಬಹುದು. ಸಣ್ಣವು, ಉಗುರಿನಷ್ಟು” ಎಂದ ಮೇಸ್ತ್ರಿ.

ಅಕ್ಕ ಹೋದಳು. ಬಂದಾಗ ಚೀಲದಲ್ಲಿ ಅಂಗೈ ಅಗಲದ ಎರಡು ಕೆಂಪು ಗೋಲ್ಡ್‌ಫಿಶ್. ಅವನು ಬಾಯಿ ತೆರೆಯುವುದರೊಳಗೆ ತೊಟ್ಟಿಗೆ ಬಿಟ್ಟಾಗಿತ್ತು. ಒಂದು ಮೀನು ಸೀದಾ ಹೊಸ ಚಿಗುರಿನ ಬಳಿ ಹೋಗಿ, ಕಚಕ್ಕನೆ ತುದಿ ಕತ್ತರಿಸಿತು.

“ಇದು ಗಿಡ ತಿನ್ನುತ್ತೆ ಅಂತ ಅಂಗಡಿಯವನು ಹೇಳಲಿಲ್ವಾ?”

“ಹೇಳಿದ. ಸೊಪ್ಪು ತಿನ್ನೋದು ಒಳ್ಳೇದೇ ಅಲ್ವಾ ಅಂದೆ.”

ಮೇಸ್ತ್ರಿಯ ಕತ್ತಿನ ನರ ಉಬ್ಬಿತು. ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ಒಳಗೇ ತಳ್ಳಿದ. ಇನ್ನೊಂದು ಮೀನೂ ಊಟಕ್ಕೆ ಸೇರಿಕೊಂಡಿತು.

“ಎಷ್ಟು ಚಂದ ತಿಂತಿದೆ ನೋಡು” ಎಂದಳು ಅಕ್ಕ.

“ನೋಡ್ತಿದೀನಿ ಕಣೇ” ಎಂದ ಮೇಸ್ತ್ರಿ. “ನೋಡ್ತಾನೇ ಇದೀನಿ.”