ಸಂಜೆ ಕಾಲೇಜು ಮುಚ್ಚಿದ ಕುಲಪತಿ

ಕುಲಪತಿಗಳಿಗೆ ಬೆನ್ನ ಹಿಂದೆ ಇದ್ದ ಹೆಸರು ಮೊಳೆ ಮೇಷ್ಟ್ರು. ಹುಡುಗನಾಗಿದ್ದಾಗ ಹಗಲೆಲ್ಲ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿ, ಕೈಯ ಮಸಿಯನ್ನು ತೊಳೆದೂ ತೊಳೆಯದೆ ಇದೇ ವಿಶ್ವವಿದ್ಯಾಲಯದ ಸಂಜೆ ಕಾಲೇಜಿಗೆ ಓಡಿ ಬರುತ್ತಿದ್ದವರು. ಅಲ್ಲೇ ಓದಿ, ಅಲ್ಲೇ ಇತಿಹಾಸ ಪಾಠ ಹೇಳಿ, ಕೊನೆಗೆ ಮೇಲಿನ ಮಹಡಿಯ ದೊಡ್ಡ ಕೋಣೆ ಸೇರಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. "ಮೊಳೆ ಅಂದ್ರೆ ಕಮ್ಮೀನಾ? ನಿಮ್ಮೆಲ್ಲರ ಕೋಟು ನೇತಾಡೋದೇ ಅದರ ಮೇಲೆ" ಎಂದು ನಗುತ್ತಿದ್ದರು.

ಕೋಣೆಯ ಬಾಗಿಲು ಹಾಕಿಸಿದವರಲ್ಲ. ಘಟಿಕೋತ್ಸವದಲ್ಲಿ ಚೀಟಿ ಹಿಡಿದು ಮಾತಾಡಿದವರಲ್ಲ. ಆಡಳಿತ ಮಂಡಳಿಯಲ್ಲಿ ಸಂಜೆ ಕಾಲೇಜನ್ನು ಮುಚ್ಚಿ ಆ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸೋಣವೆಂಬ ಮಾತು ಆಗಾಗ ಬರುತ್ತಿತ್ತು. "ನಾನು ಈ ಕುರ್ಚಿಯಲ್ಲಿರೋ ತನಕ ಆ ಮಾತು ಬೇಡ" ಎಂದು ಅವರು ಪ್ರತಿಸಲವೂ ಮುಗಿಸಿಬಿಡುತ್ತಿದ್ದರು.

ಒಂದು ಸಭೆಯಲ್ಲಿ ಮಾತಿನ ಮಧ್ಯೆ ಗಕ್ಕನೆ ನಿಂತರು. "ಅದೇ... ಪುಸ್ತಕ ಇಡೋ ಮನೆ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ತಮಾಷೆ ಮಾಡಿದ್ದಲ್ಲ ಕಣೇ. ಗ್ರಂಥಾಲಯ ಅನ್ನೋ ಪದ ಬರಲೇ ಇಲ್ಲ."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಹಿಂದಿನ ವಾರವಷ್ಟೇ ಅವರು, "ಅತ್ತೆ ಯಾವಾಗ ಬರ್ತಾರೆ?" ಎಂದು ಕೇಳಿದ್ದರು. ಅವಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಆಗ ಮಾತು ಮರೆಸಿದ್ದವಳು ಈಗ ಅವರನ್ನು ವೈದ್ಯರ ಬಳಿ ಕರೆದೊಯ್ದಳು.

"ಮರೆವಿನ ಕಾಯಿಲೆ. ನಿಧಾನ ಮಾಡಬಹುದು, ನಿಲ್ಲಿಸೋಕಾಗಲ್ಲ" ಎಂದರು ವೈದ್ಯರು.

ಮರುದಿನವೇ ಕುಲಪತಿಗಳು ಮಂಡಳಿಯ ಅಧ್ಯಕ್ಷರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿ ರಾಜೀನಾಮೆ ಮುಂದಿಟ್ಟರು. ಹೆಂಡತಿಯೂ ಜೊತೆಗಿದ್ದಳು. ಅಧ್ಯಕ್ಷರು ವ್ಯಾಪಾರಸ್ಥರು, ಮಾತು ಬೆಣ್ಣೆ.

"ಮಾನ್ಯತೆ ಕೊಡೋ ತಪಾಸಣಾ ತಂಡ ಬಂದು ಹೋಗಲಿ ಸಾರ್. ಈಗ ನೀವು ಎದ್ದು ಹೋದ್ರೆ ವಿಶ್ವವಿದ್ಯಾಲಯದ ಹೆಸರು ಮಣ್ಣುಪಾಲು. ಕುಲಸಚಿವರು ಪಕ್ಕದಲ್ಲೇ ಇರ್ತಾರೆ. ನೀವು ಸುಮ್ಮನೆ ಕೂತ್ಕೊಂಡ್ರೆ ಸಾಕು."

"ಸುಮ್ಮನೆ ಕೂತು ಅವರಿಗೆ ಅಭ್ಯಾಸ ಇಲ್ಲ" ಎಂದಳು ಹೆಂಡತಿ. ಆದರೆ ವಿಶ್ವವಿದ್ಯಾಲಯದ ಹೆಸರು ಎಂದೊಡನೆ ಅವರು ಆಗಲೇ ಕರಗಿದ್ದರು.

ಅಧ್ಯಕ್ಷರು ಹೇಳಿದಂತೆಯೇ ಕುಲಸಚಿವ ಪಕ್ಕದಲ್ಲಿ ಕೂತ. ಮರೆತ ಹೆಸರನ್ನು ಕಿವಿಯಲ್ಲಿ ಹೇಳುತ್ತಿದ್ದ, ಸಹಿಯ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದ. ಬೆಳಿಗ್ಗೆ ಅವರ ತಲೆ ತಿಳಿಯಾಗಿರುತ್ತಿತ್ತು. ಮಧ್ಯಾಹ್ನ ದಾಟಿದರೆ ಮಂಜು ಕವಿಯುತ್ತಿತ್ತು. ಫೈಲುಗಳು ಮಾತ್ರ ಏಕೋ ಊಟದ ನಂತರವೇ ಬರತೊಡಗಿದವು.

ತಪಾಸಣಾ ತಂಡದ ಮುಂದೆ ಅವರು ಹಳೆಯ ಕಥೆಗಳನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಬಂದವರು ತಲೆದೂಗಿ ಹೋದರು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಗೇಟಿನ ಹೊರಗೆ ಗದ್ದಲ ಕೇಳಿಸಿತು. ಕುಲಪತಿಗಳು ಕಿಟಕಿಯಿಂದ ನೋಡಿದರು. ಅಂಗಡಿ ಕೆಲಸದವರು, ಚಾಲಕರು, ಸೊಂಟದ ಮೇಲೆ ಮಗು ಹೊತ್ತ ಒಬ್ಬಳು ತಾಯಿ. ಎಲ್ಲ ಸಂಜೆ ಕಾಲೇಜಿನ ವಿದ್ಯಾರ್ಥಿಗಳು. ಮುಂದೆ ನಿಂತಿದ್ದವನು ಆ ಕಾಲೇಜಿನ ಪ್ರಾಂಶುಪಾಲ, ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ.

ತಡೆಯಲು ಬಂದ ಕಾವಲುಗಾರನನ್ನು ಸರಿಸಿ ಅವರು ಕೆಳಗಿಳಿದು ಹೋದರು.

"ಏನಾಯ್ತೋ?"

"ಕಾಲೇಜು ಮುಚ್ಚಿದ್ದಾರೆ."

"ಯಾರು? ಹೆಸರು ಹೇಳು, ಈಗಲೇ ಕರೆಸಿ ವಿಚಾರಿಸ್ತೀನಿ!"

ಗೆಳೆಯ ಅವರ ಮುಖವನ್ನೇ ನೋಡಿದ. "ಇಷ್ಟು ಜನರ ಎದುರಿಗೆ ನಾಟಕ ಬೇಡ ಕಣೋ. ಮುಚ್ಚಿದ್ದು ನೀನೇ" ಎಂದು ಆದೇಶದ ಪ್ರತಿಯನ್ನು ಕೈಗಿಟ್ಟ.

ಸಹಿ ಅವರದೇ. ಎಲ್ಲೂ ಕೈ ನಡುಗಿರಲಿಲ್ಲ. ಎಷ್ಟು ಹೊತ್ತು ನೋಡಿದರೂ ಅದನ್ನು ಹಾಕಿದ ನೆನಪು ಬರಲಿಲ್ಲ. ಹಿಂದಿನಿಂದ ಯಾರೋ "ಥೂ" ಎಂದರು. ಮಗು ಅಳತೊಡಗಿತು.

ಮೇಲೆ ಬಂದು ಕುಲಸಚಿವನಿಗೆ, "ಇದನ್ನ ರದ್ದು ಮಾಡಿ" ಎಂದರು.

"ಮಂಡಳಿ ಒಪ್ಪಿಗೆ ಕೊಟ್ಟಾಗಿದೆ ಸಾರ್. ಆ ಸಭೆಯಲ್ಲಿ ತಾವೂ ಇದ್ರಿ. ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ." ಅವನು ಅವರ ಕಣ್ಣು ತಪ್ಪಿಸಿ ಮೇಜು ನೋಡುತ್ತಿದ್ದ.

ಮನೆಯಲ್ಲಿ ಹೆಂಡತಿ ಸಿಟ್ಟಿನಿಂದ ಕುದಿಯುತ್ತಿದ್ದಳು. "ಇರೋ ವಿಷಯ ಹೇಳಿಬಿಡ್ರೀ. ನನಗೆ ಹುಷಾರಿರಲಿಲ್ಲ, ನನ್ನ ಕೈಲಿ ಸಹಿ ಮಾಡಿಸಿಕೊಂಡ್ರು ಅಂತ. ನಾನೇ ಬಂದು ಸಾಕ್ಷಿ ಹೇಳ್ತೀನಿ."

ಆ ದಿನ ಅವರ ತಲೆ ಕ್ರೂರವೆನ್ನುವಷ್ಟು ತಿಳಿಯಾಗಿತ್ತು.

"ಈ ವರ್ಷದ ಪದವಿ ಪತ್ರಗಳಿಗೆಲ್ಲ ನನ್ನದೇ ಸಹಿ. ಹಾಕಿದವನಿಗೆ ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಅಂತ ಊರಿಗೆಲ್ಲ ಸಾರಿದ್ರೆ, ಆ ಮಕ್ಕಳನ್ನ ಯಾರು ಕೆಲಸಕ್ಕೆ ತಗೋತಾರೆ?"

ಅವಳು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

ಎರಡನೇ ಸಲ ಕೊಟ್ಟ ರಾಜೀನಾಮೆಗೆ ಅಧ್ಯಕ್ಷರು ತಕ್ಷಣ ಹೂಂ ಎಂದರು. ಓದಿದ ಕಾಲೇಜಿಗೇ ಬೀಗ ಜಡಿದವನೆಂದು ಪತ್ರಿಕೆಗಳು ಉಗಿದು ಬರೆದವು. ಹೆಂಡತಿ ಪತ್ರಿಕೆ ತರಿಸುವುದನ್ನೇ ಬಿಟ್ಟಳು. ಗೆಳೆಯನಿಗೆ ಮಾತ್ರ ಹೋಗಿ ನಿಜ ಹೇಳಿ ಬಂದಳು.

ಗೆಳೆಯ ಬಂದ. ಅವರು ವರಾಂಡದಲ್ಲಿ ಕೂತಿದ್ದರು. ನೋಡಿದೊಡನೆ ಮುಖ ಅರಳಿತು. "ಬಾರೋ! ಕಾಲೇಜು ಹೇಗಿದೆ?"

ಗೆಳೆಯ ಮುಚ್ಚಿತಲ್ಲೋ ಎಂದುಬಿಟ್ಟ. ಅವರು ಅಂದೇ ಮೊದಲು ಕೇಳಿದವರಂತೆ ಕುಸಿದರು. ಅತ್ತರು, ಚಪ್ಪಲಿ ಮೆಟ್ಟಿಕೊಂಡು ಮಂಡಳಿಗೆ ಹೊರಟರು. ಇಬ್ಬರೂ ಸೇರಿ ಹಿಡಿದು ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಅದಾದ ಮೇಲೂ ಅವನು ಬಂದಾಗಲೆಲ್ಲ ಅವರು ಅದೇ ಪ್ರಶ್ನೆ ಕೇಳುತ್ತಿದ್ದರು, ನಿಜ ಹೇಳಿದರೆ ಹಾಗೆಯೇ ಕುಸಿಯುತ್ತಿದ್ದರು. ಕೊನೆಗೆ ಹೆಂಡತಿ ಅವನನ್ನು ಬಾಗಿಲಲ್ಲೇ ತಡೆದು, "ಅಣ್ಣಾ, ನಿಮ್ಮ ದಮ್ಮಯ್ಯ, ಇನ್ನು ನಿಜ ಹೇಳ್ಬೇಡಿ" ಎಂದಳು.

ಆ ಸಂಜೆ ಅವರು ಎಂದಿನಂತೆ ಕೇಳಿದರು. "ಚೆನ್ನಾಗಿ ನಡೀತಾ ಇದೆ" ಎಂದ ಗೆಳೆಯ.

ಅವರು ಸಮಾಧಾನದಿಂದ ತಲೆಯಾಡಿಸಿದರು. ಬೀದಿಯ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅದನ್ನು ನೋಡುತ್ತ ಅವರ ಹುಬ್ಬು ನಿಧಾನವಾಗಿ ಗಂಟಿಕ್ಕಿತು.

"ಹಾಗಾದ್ರೆ ಈ ಹೊತ್ತಲ್ಲಿ ನೀನು ಇಲ್ಲೇನು ಮಾಡ್ತಿದ್ದೀಯೋ? ಪಾಪ, ಮಕ್ಕಳು ಕ್ಲಾಸಲ್ಲಿ ಕಾಯ್ತಿರಲ್ವಾ?"

ಗೆಳೆಯ ಎದ್ದು ನಿಂತ. ಹೊರಡುವುದಲ್ಲದೆ ಅವನಿಗೆ ಬೇರೇನೂ ತೋಚಲಿಲ್ಲ.