ಅಜ್ಜಿ ಹೇಳದ ಕುದುರೆತಲೆಯವನ ಕಥೆ

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ವಿಷ್ಣುವಿನ ಕೆಲಸ ಹೋಯಿತು. ಡೆಟ್ರಾಯಿಟ್ ಸುತ್ತಮುತ್ತ ಆ ವರ್ಷ ಕೆಲಸ ಹೋಗುವುದು ನೆಗಡಿ ಬಂದಷ್ಟೇ ಸಾಮಾನ್ಯವಾಗಿತ್ತು. ಆದರೂ ತನಗೆ ಬಂದ ನೆಗಡಿ ಬೇರೆ ಜಾತಿಯದು ಎಂದು ಅವನು ನಂಬಿದ್ದ. ಸೌತ್‌ಫೀಲ್ಡಿನ ಗಾಜಿನ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಹದಿನಾರು ವರ್ಷ ಕಾರಿನ ಬ್ರೇಕು ಡಿಸೈನ್ ಮಾಡಿದ ಮನುಷ್ಯನಿಗೆ ಸ್ವಂತ ಬಾಯಿಗೆ ಒಂದು ಬ್ರೇಕು ಹಾಕಿಕೊಳ್ಳುವುದು ಮಾತ್ರ ತಿಳಿದಿರಲಿಲ್ಲ. ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ, "ಟೆಂಪರರಿ ಅಷ್ಟೆ. ಆರ್ಡರ್ ಬರ್ತಿದ್ದ ಹಾಗೇ ಮೊದಲು ನನ್ನನ್ನೇ ಕರೀತಾರಂತೆ. ಬಾಸ್ ಖುದ್ದಾಗಿ ಹೇಳಿದಾರೆ" ಎಂದುಬಿಟ್ಟ. ಬಾಸ್ ಖುದ್ದಾಗಿ ಹೇಳಿದ್ದು ಗುಡ್ ಲಕ್ ಎಂಬ ಎರಡೇ ಮಾತು.

ಹೆಂಡತಿ ವತ್ಸಲಾ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ನೋಡುವವಳು. ಯಾವುದರಲ್ಲಿ ಏನು ಕಮ್ಮಿಯಿದೆ ಎಂಬುದು ಅವಳಿಗೆ ಬೇಗ ಗೊತ್ತಾಗುತ್ತಿತ್ತು. "ಸರಿ ಬಿಡಿ, ಕಾಫಿ ಕುಡೀತೀರಾ?" ಎಂದಷ್ಟೇ ಕೇಳಿದಳು. ನಂಬಿದವಳು ಹನ್ನೆರಡು ವರ್ಷದ ಮಗಳು ತನ್ಮಯಿ ಒಬ್ಬಳೇ. ಸ್ಕೂಲ್ ಬಸ್ಸಿನಿಂದ ಇಳಿದವಳು ಬ್ಯಾಗು ಎಸೆದು, "ಇವತ್ತು ಕರೆದ್ರಾ ಅಪ್ಪಾ?" ಎಂದು ತನ್ನ ಎಂದಿನ ಇಂಗ್ಲಿಷಿನಲ್ಲಿ ಕೇಳುವಳು. "ಇವತ್ತಿಲ್ಲ ಪುಟ್ಟಿ, ಮುಂದಿನ ವಾರ ಇರಬೇಕು" ಎಂದು ಇವನು ಗಂಭೀರವಾಗಿ ಹೇಳುವನು. ಅವಳು ತಲೆಯಾಡಿಸಿ ಫ್ರಿಜ್ ತೆರೆಯುವಳು. ಸಂಬಳ, ಬ್ಯಾಡ್ಜು, ಪಾರ್ಕಿಂಗ್ ಜಾಗ ಎಲ್ಲ ಹೋದ ಮೇಲೂ ಜಗತ್ತಿನಲ್ಲಿ ಒಂದು ಜೀವ ತನ್ನ ಮಾತನ್ನು ನಂಬುತ್ತಿದೆ ಎಂಬ ಆಧಾರದ ಮೇಲೆ ವಿಷ್ಣು ಆ ವಸಂತವನ್ನು ತಳ್ಳುತ್ತಿದ್ದ. ಅದೊಂದು ಹೋದರೆ ತನ್ನಲ್ಲಿ ಉಳಿಯುವುದು ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯ ಸಾಲ ಮತ್ತು ಬೊಜ್ಜು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎನ್ನುತ್ತಾರೆ. ವಿಷ್ಣು ಕೆತ್ತಲು ಹೊರಟದ್ದು ಫಿಲಿಪೀನ್ಸ್ ದೇಶವನ್ನು.

ವತ್ಸಲಾಳ ಆಸ್ಪತ್ರೆಯಲ್ಲಿ ಮಿಲಾಗ್ರೋಸ್ ಎಂಬ ಫಿಲಿಪಿನೋ ನರ್ಸ್ ಇದ್ದಳು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಹೆಂಗಸು. ಡ್ಯೂಟಿ ಮುಗಿದ ಮೇಲೆ ಅವಳು ತನ್ನ ಊರಿನ ದೆವ್ವ ಭೂತ ದೇವತೆಗಳನ್ನೆಲ್ಲ ಸೇರಿಸಿ ಮಾಯಾಲೋಕದ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಮನಿಲಾದ ಸಣ್ಣ ಮುದ್ರಣಾಲಯದವರು ಅಚ್ಚು ಹಾಕಿದ ಮೂರು ತೆಳು ಪುಸ್ತಕಗಳು ಸೂಟ್‌ಕೇಸಿನಲ್ಲಿ ಬಂದಿದ್ದವು. ಮೊದಲೆರಡನ್ನು ವತ್ಸಲಾ ಮಗಳಿಗೆಂದು ತಂದಳು. ತನ್ಮಯಿ ಅವುಗಳನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಮುಗಿಸಿದಳು. ಮರದ ಮೇಲೆ ಕೂತು ಚುಟ್ಟಾ ಸೇದುವ ದೈತ್ಯ, ಹುತ್ತದೊಳಗೆ ವಾಸಿಸುವ ಮುದುಕ, ದಾರಿಹೋಕರನ್ನು ದಾರಿ ತಪ್ಪಿಸುವ ಟಿಕ್ಬಾಲಾಂಗ್ ಎಂಬ ಕುದುರೆತಲೆಯವನು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಇದೆಲ್ಲ ನಮ್ಮಿಂದ ಹೋಗಿದ್ದು ಕಣೆ" ಎಂದು ವಿಷ್ಣು ಸೋಫಾದಲ್ಲಿ ಕಾಲು ಚಾಚಿ ಶುರು ಮಾಡಿದ. "ಹುತ್ತ ಯಾರದು? ನಮ್ದು. ಮರದ ಮೇಲಿರೋನು ಬ್ರಹ್ಮರಾಕ್ಷಸ. ಕುದುರೆತಲೆ ಅಂತೂ ಬಿಡು, ಸಾಕ್ಷಾತ್ ಹಯಗ್ರೀವ. ಮೈಸೂರಲ್ಲಿ ನಮ್ಮ ದೇವರಮನೆಯಲ್ಲೇ ಪಟ ಇತ್ತು."

"ಹಯಗ್ರೀವ ವೇದ ಕಾಪಾಡಿದ್ದು ರೀ, ದಾರಿ ತಪ್ಪಿಸಿದ್ದಲ್ಲ" ಎಂದಳು ವತ್ಸಲಾ.

"ಅಷ್ಟು ದೂರ ಹಡಗಲ್ಲಿ ಹೋಗೋವಾಗ ಸ್ವಲ್ಪ ಕೆಟ್ಟಿರ್ತಾನೆ."

ಇದನ್ನು ಮನೆಯೊಳಗೆ ಹೇಳಿ ಸುಮ್ಮನಿದ್ದರೆ ಅವನು ವಿಷ್ಣುವೇ ಅಲ್ಲ. ಏಪ್ರಿಲ್ ಕೊನೆಯಲ್ಲಿ ಮಿಲಾಗ್ರೋಸ್ ಮೂರನೆಯ ಪುಸ್ತಕ ಕೊಡಲು ಬಂದಾಗ ಅವಳನ್ನು ಕೂರಿಸಿ, ಮುಕ್ಕಾಲು ಗಂಟೆ, ಅವಳ ಅಜ್ಜಿಯ ಕಥೆಗಳು ಅವಳ ಅಜ್ಜಿಯವಲ್ಲ ಎಂದು ಸಾಧಿಸಿ ತೋರಿಸಿದ. ಅವಳು ಫಿಲ್ಟರ್ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು, "ಇರಬಹುದು" ಎಂದಳು. ಹೊರಡುವಾಗ, ಮೇ ತಿಂಗಳ ಎರಡನೇ ಭಾನುವಾರ ತಮ್ಮ ಫಿಲಿಪಿನೋ ಸಂಘದ ಹಾಲಿನಲ್ಲಿ ಮಕ್ಕಳು ತಂತಮ್ಮ ಅಜ್ಜಿಯರ ಕಥೆ ಓದುತ್ತಾರೆ, ತನ್ಮಯಿಯೂ ಓದಬೇಕು, ಒಳ್ಳೆಯವನ್ನು ಸೇರಿಸಿ ಒಂದು ಕಿರುಪುಸ್ತಕ ಮಾಡುತ್ತೇವೆ ಎಂದು ಕರೆದು ಹೋದಳು.

ತನ್ಮಯಿ ನೋಟ್‌ಬುಕ್ ಹಿಡಿದು ಬಂದು ಅಪ್ಪನ ಕಾಲ ಬುಡದಲ್ಲಿ ಕೂತಳು. "ನಿನ್ನ ಅಜ್ಜಿ ಹೇಳಿದ್ದು ಒಂದು ಹೇಳು. ಎಲ್ಲಾ ನಮ್ದೇ ಅಂದ್ಯಲ್ಲ."

ವಿಷ್ಣುವಿನ ಅಜ್ಜಿ ಪ್ರಭಾವತಮ್ಮ ಜೀವಮಾನದಲ್ಲಿ ಒಂದೇ ಒಂದು ಕಥೆ ಹೇಳಿದವರಲ್ಲ. ಯಾರ ಮದುವೆಯಲ್ಲಿ ಚಿರೋಟಿಗೆ ಹಾಲು ಸಾಲದಾಯಿತು, ಯಾರ ಸೊಸೆ ಪಾತ್ರೆಗೆ ಸೀಗೆಪುಡಿ ಜಾಸ್ತಿ ಸುರಿದಳು ಎಂಬ ವಿಚಾರಗಳಲ್ಲಿ ಮಾತ್ರ ಅವರಿಗೆ ಆಸಕ್ತಿ. ಮೊಮ್ಮಗ ಕಥೆ ಕೇಳಿದರೆ, "ಹೋಗೋ, ಮಗ್ಗಿ ಬಾಯಿಪಾಠ ಮಾಡು" ಎನ್ನುತ್ತಿದ್ದರು. ಇದನ್ನು ಈಗ ಹೇಳುವುದು ಹೇಗೆ? ಎರಡು ತಿಂಗಳು ಒಂದು ದ್ವೀಪಸಮೂಹಕ್ಕೇ ಪಾಠ ಮಾಡಿದವನು ತನ್ನ ಖಜಾನೆ ಖಾಲಿ ಎಂದು ಒಪ್ಪಿಕೊಳ್ಳುವುದುಂಟೇ? "ಬೇಕಾದಷ್ಟಿದೆ. ಯಾವುದು ಹೇಳ್ಲಿ ಅಂತ ಯೋಚಿಸ್ತೀನಿ, ನಾಳೆ ಕೇಳು" ಎಂದ.

ಮರುದಿನ ತಾಯಿ ಮಗಳು ಹೋದ ಮೇಲೆ ಮೂರನೆಯ ಪುಸ್ತಕ ಊಟದ ಮೇಜಿನ ಮೇಲಿತ್ತು. ತನ್ಮಯಿ ಇನ್ನೂ ಅದನ್ನು ಬಿಚ್ಚಿರಲಿಲ್ಲ. ವಿಷ್ಣು ಕುಕ್ಕರ್ ಇಟ್ಟು, ಸುಮ್ಮನೆ ಕಣ್ಣಾಡಿಸೋಣವೆಂದು ತೆರೆದ. ಅದರಲ್ಲಿ ಒಬ್ಬ ದಾದಿ ಕೆಲಸ ಮುಗಿಸಿ ಕಾಡುದಾರಿಯಲ್ಲಿ ಹೊರಟಿದ್ದಾಳೆ. ಎಷ್ಟು ನಡೆದರೂ ಅದೇ ಬಿದಿರುಮೆಳೆ ಎದುರಾಗುತ್ತದೆ. ಮೆಳೆಯ ಕೆಳಗೆ ಕುದುರೆತಲೆಯವನು ಕುಕ್ಕರುಗಾಲಲ್ಲಿ ಕೂತಿದ್ದಾನೆ, ಮಂಡಿಗಳು ತಲೆಗಿಂತ ಮೇಲಿವೆ. ಅವನ ಮಾಟ ಮುರಿಯಲು ಅವಳು ಮೇಲಂಗಿಯನ್ನು ಒಳಗಿನದು ಹೊರಗೆ ಮಾಡಿ ತೊಡುತ್ತಾಳೆ, ದಾರಿ ತೆರೆದುಕೊಳ್ಳುತ್ತದೆ. ಅವನು ಹಿಂದೆಯೇ ಬರುತ್ತಾನೆ. ಊರಂಚಿನ ಮನೆಯಿಂದ ಅನ್ನ ಬೇಯುವ ವಾಸನೆ ಬಂದಾಗ ನಿಂತು ಅಳುತ್ತಾನೆ. ತಾನು ಯಾವ ಮನೆಯವನೆಂಬುದು ಅವನಿಗೆ ಮರೆತುಹೋಗಿದೆ. ಯಾರಾದರೂ ಜೊತೆಗೆ ನಡೆಯಲಿ ಎಂದೇ ಅವನು ಜನರ ದಾರಿ ತಪ್ಪಿಸುತ್ತಾನೆ.

ಅಷ್ಟು ಹೊತ್ತಿಗೆ ಕುಕ್ಕರ್ ಕೂಗಿತು. ಬೆಳಗಿನ ಹನ್ನೊಂದು ಗಂಟೆಗೆ, ಒಬ್ಬರಿಗೆ ಬೇಯಿಸಿದ ಅನ್ನದ ವಾಸನೆಯಲ್ಲಿ, ನಲವತ್ತೆಂಟು ವರ್ಷದ ಬ್ರೇಕ್ ಇಂಜಿನಿಯರ್ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಕಥೆಯನ್ನು ಕದ್ದ.

ಸಂಜೆ ತನ್ಮಯಿಗೆ ಹೇಳಿದಾಗ ದಾದಿ ಮುತ್ತಜ್ಜನಾಗಿದ್ದಳು, ಬಿದಿರುಮೆಳೆ ಹುಣಸೆಮರವಾಗಿತ್ತು, ಕಾಡು ನಂಜನಗೂಡಿನ ರಸ್ತೆಯಾಗಿತ್ತು. ನಿಜವಾದ ಮುತ್ತಜ್ಜ ಜಟಕಾ ಸ್ಟ್ಯಾಂಡಿನಿಂದಾಚೆ ಕಾಲಿಟ್ಟವರಲ್ಲ. ಅನ್ನದ ವಾಸನೆಯನ್ನು ಮಾತ್ರ ವಿಷ್ಣು ಮುಟ್ಟಲಿಲ್ಲ. ಅದು ಎಷ್ಟು ನಮ್ಮದೆನಿಸುತ್ತಿತ್ತೆಂದರೆ, ಕದ್ದ ಮಾಲಿನಲ್ಲಿ ಅದೊಂದು ತನ್ನ ಸ್ವಂತದ್ದೆಂದೇ ಅವನಿಗೆ ತೋರಿತ್ತು.

"ಮುತ್ತಜ್ಜ ಏನು ಹಾಕ್ಕೊಂಡಿದ್ರು?" ಎಂದು ಮಗಳು ಬರೆದುಕೊಳ್ಳುತ್ತ ಕೇಳಿದಳು.

"ಪಂಚೆ. ಅದನ್ನೇ ಬಿಚ್ಚಿ ಉಲ್ಟಾ ಉಟ್ಕೊಂಡ್ರು."

ಅವಳು ಪೆನ್ನು ನಿಲ್ಲಿಸಿದಳು. "ಪಂಚೆಗೆ ಒಳಗೆ ಹೊರಗೆ ಇರುತ್ತಾ?"

ಸುಳ್ಳುಗಾರನಿಗೆ ಬಟ್ಟೆಯ ಜ್ಞಾನವಾದರೂ ಇರಬೇಕು. "ಅಂಗಿ, ಅಂಗಿ. ಮೇಲೆ ಅಂಗಿ ಹಾಕಿದ್ರು" ಎಂದು ವಿಷ್ಣು ಸಾವರಿಸಿಕೊಂಡ. ತನ್ಮಯಿ ಪಂಚೆ ಹೊಡೆದುಹಾಕಿ ಅಂಗಿ ಎಂದು ಬರೆದಳು. ಮುಗಿದ ಮೇಲೆ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು, "ಪ್ರಭಾವತಿ ಅಜ್ಜಿ ಈಸ್ ಸೋ ಕೂಲ್" ಎಂದಳು. ಮೂರನೆಯ ಪುಸ್ತಕವನ್ನು ಅಂದೇ ವಿಷ್ಣು ಬೇಸ್‌ಮೆಂಟಿನ ಹಳೆಯ ಟ್ಯಾಕ್ಸ್ ಕಾಗದಗಳ ಕೆಳಗೆ ಸೇರಿಸಿದ. ಮಗಳು ಕೇಳಿದರೆ, ಎಲ್ಲೋ ಇಟ್ಟಿದ್ದೇನೆ, ಹುಡುಕಿ ಕೊಡುತ್ತೇನೆ ಎಂದು ದಿನ ತಳ್ಳಿದ.

ಆ ಭಾನುವಾರ ವತ್ಸಲಾಗೆ ಡ್ಯೂಟಿ. ಸೌತ್‌ಫೀಲ್ಡಿನ ಹಾಲಿಗೆ ಅಪ್ಪ ಮಗಳಿಬ್ಬರೇ ಹೋದರು. ಬರೆದವಳು ಅಲ್ಲೇ ಇರುತ್ತಾಳೆ ಎಂಬುದು ವಿಷ್ಣುವಿಗೆ ಗೊತ್ತಿಲ್ಲದ್ದಲ್ಲ. ಆದರೆ ಕುದುರೆತಲೆಯವನು ಅವರ ದೇಶಕ್ಕೆಲ್ಲ ಸೇರಿದವನು, ಇಂಥ ಕಥೆ ಮನೆಮನೆಯಲ್ಲೂ ಇರುತ್ತದೆ, ಎರಡು ದೇಶದ ಅಜ್ಜಿಯರು ಒಂದನ್ನೇ ಹೇಳಿದರೆ ತಪ್ಪೇನು ಎಂದು ಅವನು ತನಗೆ ತಾನೇ ವಕೀಲನಾಗಿ ವಾದಿಸಿ ಕೇಸು ಗೆದ್ದಿದ್ದ.

ತನ್ಮಯಿ ಓದಿದಳು. ಮನೆಯಲ್ಲಿ ಉಪ್ಪು ಕೊಡು ಎನ್ನುವುದಕ್ಕೂ ಗೊಣಗುವ ಹುಡುಗಿ ಮೈಕಿನ ಮುಂದೆ ನೆಟ್ಟಗೆ ನಿಂತು, ಕುದುರೆತಲೆಯವನು ಅಳುವಲ್ಲಿ ದನಿ ತಗ್ಗಿಸಿದಳು. ಓದಿ ಮುಗಿಸಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು, "ಅವನೇ, ನಮ್ಮೂರವನೇ! ಇಂಡಿಯಾಕ್ಕೂ ಹೋಗಿದ್ದನೇ!" ಎಂದು ಕಣ್ಣೊರೆಸಿಕೊಂಡರು. "ಹೋಗಿದ್ದಲ್ಲ, ಅಲ್ಲಿಂದಲೇ ಬಂದಿದ್ದಿರಬೇಕು" ಎಂದರು ಇನ್ನೊಬ್ಬರು. ವಿಷ್ಣು ಎರಡು ತಿಂಗಳಿಂದ ಹೇಳುತ್ತಿದ್ದ ಸಿದ್ಧಾಂತವನ್ನು ಒಂದು ಹಾಲಿನಷ್ಟು ಜನ ಒಪ್ಪಿಬಿಟ್ಟರು. ಅದಕ್ಕಿದ್ದ ಏಕೈಕ ಪುರಾವೆ ಅವನೇ ಮಾಡಿದ ಖೋಟಾ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಅವನ ಕೈ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಕಾಫಿ ಮೇಜಿನ ಹತ್ತಿರ ಮಿಲಾಗ್ರೋಸ್ ಬಂದು ಪಕ್ಕದಲ್ಲಿ ನಿಂತಳು. ದನಿ ಎಂದಿನಂತೆ ಮೆತ್ತಗಿತ್ತು.

"ಮಿಸ್ಟರ್ ವಿಷ್ಣು, ಟಿಕ್ಬಾಲಾಂಗ್ ನಮ್ಮ ಎಲ್ಲ ಅಜ್ಜಿಯರ ಕಥೆಯಲ್ಲೂ ಇದ್ದಾನೆ. ಆದರೆ ಯಾರ ಕಥೆಯಲ್ಲೂ ಅವನು ಅನ್ನದ ವಾಸನೆಗೆ ಅಳುವುದಿಲ್ಲ. ಅದು ನಾನು ಹುಟ್ಟಿಸಿದ್ದು. ಇಲ್ಲಿಗೆ ಬಂದ ಮೊದಲ ಚಳಿಗಾಲ ನರ್ಸ್ ಲೈಸೆನ್ಸ್ ಬರಲಿಲ್ಲ, ಎಂಟು ತಿಂಗಳು ಕೆಲಸವಿಲ್ಲದೆ ಒಂದು ಕೋಣೆಯಲ್ಲಿ ಕೂತಿದ್ದೆ. ದಿನಾ ಒಬ್ಬಳಿಗೇ ಅನ್ನ ಮಾಡುತ್ತಿದ್ದೆ."

ವಿಷ್ಣು ತನ್ನ ಕಾಗದದ ಲೋಟದೊಳಗೆ ನೋಡಿದ. ಭೂಮಿ ಬಾಯಿಬಿಡಲಿ ಎನಿಸಿತು.

"ನಾನು ಯಾರಿಗೂ ಹೇಳುವುದಿಲ್ಲ. ಮಗು ಚೆನ್ನಾಗಿ ಓದಿತು" ಎಂದಳು ಅವಳು.

ಅಷ್ಟರಲ್ಲಿ ತನ್ಮಯಿ ಒಂದು ಫಾರ್ಮ್ ಹಿಡಿದು ಓಡಿ ಬಂದಳು. ಮುಖವೆಲ್ಲ ಕೆಂಪು. "ಅಪ್ಪಾ, ಪ್ರಿಂಟ್ ಮಾಡ್ತಾರಂತೆ! ಕಥೆ ಹೇಳಿದವರ ಹೆಸರು ಅಂತ ಇದೆ. ಪ್ರಭಾವತಿ, ಮೈಸೂರು ಅಂತ ಬರೆದೆ. ಅಜ್ಜಿ ಹುಟ್ಟಿದ ವರ್ಷ ಯಾವುದು?"

ಒಂದು ಅಂಕಿ ಹೇಳಿದ್ದರೆ ಮುಗಿಯುತ್ತಿತ್ತು. ಸಾವಿರದ ಒಂಬೈನೂರ ಹದಿನಾಲ್ಕು ಎಂದರೆ ಪ್ರಭಾವತಮ್ಮನವರು ಮೇಲಿಂದ ಬಂದು ತಕರಾರು ಮಾಡುತ್ತಿರಲಿಲ್ಲ. ಮಿಲಾಗ್ರೋಸ್ ಕೂಡ ಬೇಕೆಂದೇ ಬೇರೆ ಕಡೆ ನೋಡುತ್ತ ಸಕ್ಕರೆ ಕಲಕುತ್ತಿದ್ದಳು. ಅವಳು ಹಾಗೆ ನೋಡದಿದ್ದುದೇ ವಿಷ್ಣುವಿಗೆ ತಡೆಯದಾಯಿತು.

"ಅಜ್ಜಿ ಹೇಳಿದ್ದಲ್ಲ ಪುಟ್ಟಿ" ಎಂದ. "ಅಜ್ಜಿ ನಂಗೆ ಯಾವ ಕಥೆನೂ ಹೇಳಿಲ್ಲ. ಇದು ಆಂಟಿ ಬರೆದಿದ್ದು. ಅವರ ಮೂರನೇ ಪುಸ್ತಕದಿಂದ ಕದ್ದೆ. ನಂಗೇನೂ ಗೊತ್ತಿಲ್ಲ ಅಂತ ನಿಂಗೆ ಗೊತ್ತಾಗಬಾರದು ಅಂತ."

ತನ್ಮಯಿ ಅಪ್ಪನನ್ನು ನೋಡಿದಳು, ಮಿಲಾಗ್ರೋಸಳನ್ನು ನೋಡಿದಳು. ಕಣ್ಣು ತುಂಬಿತು, ಆದರೆ ಅಳಲಿಲ್ಲ. ಮೇಜಿನ ಮೇಲೆ ಫಾರ್ಮ್ ಇಟ್ಟು ಅಜ್ಜಿಯ ಹೆಸರಿನ ಮೇಲೆ ಗೀಟು ಎಳೆದು ಮಿಲಾಗ್ರೋಸ್ ಎಂದು ಬರೆದಳು. "ಸಾರಿ ಆಂಟಿ" ಎಂದು ಕೊಟ್ಟಳು. ತಪ್ಪು ಮಾಡಿದವನು ಪಕ್ಕದಲ್ಲಿ ಕಾಗದದ ಲೋಟ ಹಿಡಿದು ನಿಂತಿದ್ದ. ಮಿಲಾಗ್ರೋಸ್ ಹುಡುಗಿಯ ತಲೆ ನೇವರಿಸಿದಳು. ವಿಷ್ಣುವೂ ಸಾರಿ ಎಂದ, ಅದು ಅವನಿಗೇ ಕೇಳಿಸಲಿಲ್ಲ.

ಕಾರಿನಲ್ಲಿ ತನ್ಮಯಿ ಕಿಟಕಿಯ ಕಡೆ ತಿರುಗಿ ಕೂತಳು. ವಿಷ್ಣುವಿಗೆ ತಾನು ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ವಸ್ತು ಒಡೆದುಹೋಯಿತೆಂದು ಖಾತ್ರಿಯಾಗಿತ್ತು. ಒಡೆದದ್ದು ಹೇಗೂ ಒಡೆದಿದೆ, ಉಳಿದ ಚೂರನ್ನು ಯಾರಿಗೆಂದು ಎತ್ತಿಡುವುದು?

"ಇನ್ನೊಂದಿದೆ ಪುಟ್ಟಿ" ಎಂದ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಕಂಪನಿಯವರು ಕರೆಯಲ್ಲ. ಕರೀತೀವಿ ಅಂತ ಯಾರೂ ಹೇಳಿರಲಿಲ್ಲ. ಎಲ್ಲಾ ಕಡೆ ಅಪ್ಲೈ ಮಾಡಿದೀನಿ, ಯಾರೂ ಉತ್ತರ ಕೊಡ್ತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ."

"ಗೊತ್ತು" ಎಂದಳು ತನ್ಮಯಿ. ಅಪ್ಪನೊಡನೆ ಎಂದೂ ಕನ್ನಡದಲ್ಲಿ ಇಷ್ಟು ಉದ್ದ ಮಾತಾಡದವಳು ಒಂದೊಂದೇ ಪದ ಹುಡುಕಿ ಜೋಡಿಸಿದಳು. "ನಿನ್ನ ಬಾಸ್ ಮಗಳು ನನ್ನ ಕ್ಲಾಸ್. ಅವಳ ಡ್ಯಾಡಿಗೂ ಕೆಲಸ ಹೋಯ್ತು. ಮಾರ್ಚಲ್ಲೇ ಟೆಕ್ಸಸ್‌ಗೆ ಹೋದ್ರು."

"ಮತ್ತೆ ದಿನಾ ಕೇಳ್ತಿದ್ಯಲ್ಲೇ, ಕರೆದ್ರಾ ಅಂತ?"

"ಮುಂದಿನ ವಾರ ಅಂತ ಹೇಳೋವಾಗ ನೀನು ಖುಷಿಯಾಗಿರ್ತಿದ್ದೆ, ಅದಕ್ಕೆ." ಅವಳ ಗಲ್ಲದ ಮೇಲೆ ಈಗ ನೀರಿಳಿಯುತ್ತಿತ್ತು. "ಅದು ಸುಳ್ಳು ಅಂತ ನಂಗೆ ಗೊತ್ತಿತ್ತು ಅಪ್ಪಾ. ಕುದುರೆ ಕಥೆ ಮಾತ್ರ ನಿಜ ಅಂದ್ಕೊಂಡಿದ್ದೆ."