ಸಂಗನಬಸಪ್ಪ ಅಂಕಲ್ ಕೊಟ್ಟ ಟ್ರಂಪೆಟ್‌ಗಳು

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಅವರವರ ಊರು ಸೇರಿದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಕಸದ ಲಾರಿ ಬಂದು ಹೋಯಿತು. ನಾನು ಫ್ರಿಜ್ ತೆಗೆದು ನೋಡಿದೆ. ಡಲ್ಲಾಸಿನ ಕನ್ನಡಿಗರು ದುಃಖವನ್ನು ಬಿಸಿಬೇಳೆಬಾತಿನಲ್ಲಿ ಅಳೆಯುತ್ತಾರೆ. ಆ ಅಳತೆಯಲ್ಲಿ ಮಿಹಿರ್ ಭಾರಿ ಮನುಷ್ಯ.

ಮಿಹಿರ್ ನನ್ನ ಗಂಡ. ಡಲ್ಲಾಸ್ ಪಕ್ಕದ ಇರ್ವಿಂಗ್‌ನ ನಮ್ಮ ಮನೆಯ ಮಹಡಿಯಲ್ಲಿ ಕೂತು ಆಫೀಸಿನ ವಿಡಿಯೊ ಮೀಟಿಂಗಿನಲ್ಲಿದ್ದಾಗ ಮೆದುಳಿನ ರಕ್ತನಾಳ ಒಡೆದು ಸತ್ತ. ಮೈಕ್ ಮ್ಯೂಟ್ ಆಗಿತ್ತು, ಕ್ಯಾಮೆರಾ ಆಫ್ ಆಗಿತ್ತು. ಮೀಟಿಂಗ್ ಮುಗಿಯುವ ಹೊತ್ತಿಗೆ ಅವನಿಗೆ ಮೂರು ಹೊಸ ಕೆಲಸ ಒಪ್ಪಿಸಿದ್ದರು.

ಕಾಫಿಗೆ ಹಾಲಿಟ್ಟಾಗ ಆಸ್ಟಿನ್‌ನಿಂದ ಮಿಹಿರ್‌ನ ಅಣ್ಣ ಸಂಪತ್ ಭಾವ ಫೋನ್ ಮಾಡಿದರು.

"ತಿಂಡಿ ಆಯ್ತಾ ಇಶಾ?"

"ಬಿಸಿಬೇಳೆಬಾತ್."

"ಇನ್ನೂ ಇದ್ಯಾ ಅದು? ಸರಿ ನೋಡಮ್ಮ, ಶನಿವಾರ ಟ್ರೇಲರ್ ತಗೊಂಡು ಬರ್ತೀನಿ. ಅವನ ಕಾರು ಎತ್ಕೊಂಡು ಬಂದ್ಬಿಡ್ತೀನಿ. ಇಲ್ಲೊಬ್ಬ ತಗೋತೀನಿ ಅಂತಿದಾನೆ, ಬಿಚ್ಚಿ ಪಾರ್ಟ್ಸ್ ಮಾರೋಕೆ."

"ನಾನು ಮಾರಲ್ಲ ಭಾವ."

"ಇಟ್ಕೊಂಡು ಏನ್ಮಾಡ್ತೀಯ, ಪೂಜೆನಾ? ಹೈವೇ ಹತ್ತೋಕೆ ಹೋದ್ರೆ ಕೆಮ್ಮುತ್ತೆ ಅದು. ಅವನ ಕೈಲೇ ರಿಪೇರಿ ಆಗ್ಲಿಲ್ಲ."

"ನಾನು ಓಡಿಸ್ತೀನಿ."

ಭಾವ ನಕ್ಕರು. ಸಾವಿನ ಮನೆಗೆ ಫೋನ್ ಮಾಡಿದ್ದು ನೆನಪಾಗಿ ನಗು ನಿಲ್ಲಿಸಿದರು. "ಆಯ್ತು. ಶನಿವಾರ ನಾನು ಹೊರಡೋದ್ರೊಳಗೆ ಅದನ್ನ ಓಡಿಸ್ಕೊಂಡು ನಮ್ಮನೆ ಮುಂದೆ ತಂದು ನಿಲ್ಸು. ಆಮೇಲೆ ನಾನು ಬಾಯಿ ಬಿಟ್ರೆ ಕೇಳು."

ಮಿಹಿರ್‌ಗೆ ಕೊನೆಗೆ ಯಾವ ಶರ್ಟ್ ಹಾಕಬೇಕು, ಬೂದಿ ಯಾವ ನದಿಗೆ ಹೋಗಬೇಕು, ನಾನು ಎಷ್ಟು ದಿನ ರಜೆ ಹಾಕಬೇಕು, ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ್ದರು. ನಾನು ತಲೆಯಾಡಿಸಿದ್ದೆ. ಕಾರಿನ ಮಾತು ಬಂದಾಗ ತಲೆ ಆಡಲಿಲ್ಲ. ಕಾರು ನನಗೆ ಬೇಕಿತ್ತು. ಅಷ್ಟೇ.

ಹಾಲು ಉಕ್ಕಿತು. ಒರೆಸಿ ಗ್ಯಾರೇಜಿಗೆ ಹೋದೆ.

ಅದು ನಮ್ಮಿಬ್ಬರಿಗಿಂತಲೂ ವಯಸ್ಸಾದ ಡಾಟ್ಸನ್. ಈಗಿನ ಕಾರುಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಕಂಪ್ಯೂಟರ್ ಬೆರೆಸುತ್ತದೆ. ಇದರಲ್ಲಿ ಆ ಕೆಲಸಕ್ಕೆ ಮೂರು ಕಾರ್ಬೊರೇಟರ್, ಒಂದೊಂದಕ್ಕೆ ಎರಡೆರಡು ಬಾಯಿ. ಪ್ರತಿ ಬಾಯಿಗೂ ಒಂದು ಟ್ರಂಪೆಟ್: ಗಾಳಿಯನ್ನು ಒಳಗೆ ಕರೆದುಕೊಳ್ಳಲು ತುದಿಯಲ್ಲಿ ಉಮ್ಮತ್ತಿ ಹೂವಿನ ಹಾಗೆ ಅರಳಿದ ಅಲ್ಯುಮಿನಿಯಂ ಕೊಳವೆ. ಧೂಳು ಹೋಗದಂತೆ ಆರನ್ನೂ ಮುಚ್ಚುವ ಉದ್ದನೆಯ ಫಿಲ್ಟರ್ ಪೆಟ್ಟಿಗೆ.

ಟ್ರಂಪೆಟ್‌ಗಳು ನಮ್ಮವಲ್ಲ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ಡಾಕ್ಟರ್ ಸಂಗನಬಸಪ್ಪ ಅಂಕಲ್ ಕೊಟ್ಟದ್ದು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುತ್ತಿದ್ದವರು, ಈಗ ನಿವೃತ್ತರು. ಅವರ ಹತ್ತಿರವೂ ಇದೇ ಕಾರು. "ಸಣ್ಣ ಟ್ರಂಪೆಟ್ ಕಿತ್ತಿ ಒಗಿ, ನನ್ನ ಉದ್ದನ್ನೂವು ಹಾಕು. ಎಳೆತ ಹೆಂಗ ಬರತೈತಿ ನೋಡು" ಎಂದು ತಮ್ಮ ಕಾರಿನಿಂದಲೇ ಬಿಚ್ಚಿ ಕೊಟ್ಟಿದ್ದರು. ಆಮೇಲೆ ಭಾನುವಾರ ಭಾನುವಾರ ಫೋನ್.

"ಹೆಂಗದಾವೋ ತಮ್ಮಾ?"

"ಸೂಪರ್ ಅಂಕಲ್."

ಫೋನಿಟ್ಟು ಮಿಹಿರ್ ಗ್ಯಾರೇಜಿಗೆ ಹೋಗಿ, ಕಾರು ಯಾಕೆ ಕೆಮ್ಮುತ್ತದೆ ಎಂದು ಹುಡುಕುತ್ತಿದ್ದ. ಪೆಟ್ರೋಲ್ ಅಳೆದು ಬಿಡುವ ಜೆಟ್ ಎಂಬ ಹಿತ್ತಾಳೆ ಚೂರುಗಳನ್ನು ಬದಲಿಸುತ್ತಿದ್ದ. ಎಲ್ಲವನ್ನೂ ಬದಲಿಸಿದ. ಟ್ರಂಪೆಟ್ ಮಾತ್ರ ಮುಟ್ಟಲಿಲ್ಲ. ಹಿರಿಯರು ಕೊಟ್ಟದ್ದು.

ನನ್ನನ್ನು ಅವನು ಕೇಳಲೂ ಇಲ್ಲ. ನಾನು ಆಸ್ಟಿನ್‌ನಲ್ಲಿ ಓದಿ, ಮಳೆನೀರಿನ ಮೋರಿಗಳನ್ನು ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ಪಾರ್ಟಿಗಳಲ್ಲಿ "ನಮ್ಮ ಮೋರಿ ಮೇಡಂ" ಎಂದು ಪರಿಚಯ ಮಾಡಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆದರೆ ಮೋರಿಯವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬಾಯಿ ದುಂಡಗಿದ್ದರೆ ನೀರು ಸಲೀಸಾಗಿ ನುಗ್ಗುತ್ತದೆ. ಬಾಯಿಯ ಎದುರಿಗೇ ಗೋಡೆ ಕಟ್ಟಿದರೆ ಎಷ್ಟು ದುಂಡಗಿದ್ದರೂ ದಂಡ. ಗಾಳಿಯ ಸ್ವಭಾವವೂ ಅದೇ.

ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಬಿಚ್ಚುವಾಗ ನೋಡಿದೆ. ಟ್ರಂಪೆಟ್‌ಗಳ ತುದಿ ಮುಚ್ಚಳಕ್ಕೆ ತಾಗುವಷ್ಟು ಹತ್ತಿರ. ನಡುವೆ ನನ್ನ ಕಿರುಬೆರಳು ಹೋಗಲಿಲ್ಲ.

ಮುಚ್ಚಳ ಬಿಟ್ಟು ಹೈವೇ ಕಡೆ ಹೊರಟೆ. ಆರು ಬಾಯಿ ತೆರೆದುಕೊಂಡಾಗ ಬರುವ ಸದ್ದಿಗೆ ದೇವಸ್ಥಾನದ ಮುಂದೆ ಒಬ್ಬ ಆಂಟಿ ಎದೆ ಹಿಡಿದುಕೊಂಡರು. ಆಮೇಲೆ ನಾನೆಂದು ಗುರುತು ಸಿಕ್ಕಿ ಮುಖ ಸಣ್ಣದು ಮಾಡಿ ಕೈ ಬೀಸಿದರು. ರ‍್ಯಾಂಪ್ ಹತ್ತುವಾಗ ಕಾಲು ಒತ್ತಿದೆ. ಕಾರು ಕೆಮ್ಮಲಿಲ್ಲ. ಮೈಮೇಲೆ ದೇವರು ಬಂದ ಹಾಗೆ ಹೋಯಿತು.

ಹಾಗೆಂದು ಬಾಯಿ ತೆರೆದುಕೊಂಡೇ ಆಸ್ಟಿನ್‌ಗೆ ಹೋಗುವಂತಿಲ್ಲ. ಆ ರಸ್ತೆಯನ್ನು ನಾನು ಬಂದಾಗಿನಿಂದ ಅಗೆಯುತ್ತಲೇ ಇದ್ದಾರೆ. ಅಷ್ಟು ಧೂಳು ತಿಂದರೆ ಎಂಜಿನ್ ಒಳಗೆ ಉಪ್ಪುಕಾಗದ ಉಜ್ಜಿದಂತೆ. ಟ್ರಂಪೆಟ್‌ಗೆ ಒಂದೊಂದು ಸ್ಪಂಜಿನ ಟೋಪಿ ಹಾಕಬಹುದು, ಕಪಾಟಿನಲ್ಲಿ ಹೊಸವೇ ಇದ್ದವು. ಆದರೆ ಕಾರ್ಬೊರೇಟರ್ ಒಮ್ಮೊಮ್ಮೆ ಬೆಂಕಿ ಸೀನುತ್ತದಂತೆ, ಸ್ಪಂಜು ಹತ್ತಿಕೊಳ್ಳುತ್ತದಂತೆ. ನಮ್ಮ ಮನೆಯಲ್ಲಿ ಈ ತಿಂಗಳು ಒಂದು ದಹನ ಆಗಿತ್ತು. ಸಾಕು. ಇನ್ನೂ ಆಳವಾದ ಪೆಟ್ಟಿಗೆ ಕೂರಿಸೋಣವೆಂದರೆ ಆಚೆಗೆ ಕಾರಿನದೇ ಒಳಗೋಡೆ ಅಡ್ಡ.

ಉಳಿದದ್ದು ಮಿಹಿರ್ ಒಗೆಯದೆ ಎತ್ತಿಟ್ಟಿದ್ದ ಹಳೆಯ ಸಣ್ಣ ಟ್ರಂಪೆಟ್‌ಗಳು. ಕಡಿಮೆ ವೇಗದಲ್ಲಿ ಎಳೆತ ಸ್ವಲ್ಪ ಕಡಿಮೆ. ಆದರೆ ಮುಚ್ಚಳಕ್ಕೂ ಬಾಯಿಗೂ ನಡುವೆ ನಾಲ್ಕು ಬೆರಳು ಜಾಗ.

ಶುಕ್ರವಾರ ಕೂರಿಸಿದೆ. ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗುತ್ತಿದೆ ಎಂದು ಮಿಹಿರ್ ಚಿಕ್ಕ ಜೆಟ್ ಹಾಕಿದ್ದ. ಮೊದಲಿನವು ನನ್ನ ಹಳೆಯ ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿಯಲ್ಲಿ ಸಿಕ್ಕವು. ಆ ಡಬ್ಬಿಗಾಗಿ ನಾನು ಇಡೀ ಮನೆ ಹುಡುಕಿದ್ದೆ, ಅವನೂ ಜೊತೆಗೆ ಹುಡುಕಿದ್ದ, ಕಳ್ಳ. ಜೆಟ್ ವಾಪಸ್ ಹಾಕಿ, ಫಿಲ್ಟರ್ ತೊಳೆದು ಒಣಗಿಸಿ, ಅದಕ್ಕೆಂದೇ ಇದ್ದ ಎಣ್ಣೆ ತೆಳ್ಳಗೆ ಸವರಿ, ಮುಚ್ಚಳ ಬಿಗಿದೆ. ಉದ್ದ ಟ್ರಂಪೆಟ್‌ಗಳನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟೆ.

ಶನಿವಾರ ಆಸ್ಟಿನ್ ಮುಟ್ಟಿದಾಗ ಭಾವ ಮನೆ ಮುಂದೆ ಬಗ್ಗಿ ಟ್ರೇಲರ್ ಕಟ್ಟುತ್ತಿದ್ದರು. ಕಾರು ನೋಡಿದರು, ನನ್ನನ್ನು ನೋಡಿದರು, ಹಿಂದೆ ಯಾವುದಾದರೂ ಟೋ ಟ್ರಕ್ ಇದೆಯೇ ಎಂದು ರಸ್ತೆ ನೋಡಿದರು.

"ಓಡಿಸ್ಕೊಂಡೇ ಬಂದ್ಯಾ?"

"ಹೂಂ."

"ಕೆಮ್ಮಲಿಲ್ವಾ?"

"ಒಂದ್ಸಲಾನೂ ಇಲ್ಲ."

"ನಾನು ಸುಮ್ನೆ ಮಾತಿಗೆ ಹೇಳಿದ್ದು ಕಣಮ್ಮ. ಆ ಮನುಷ್ಯನಿಗೆ ಸಂಜೆ ಬಾ ಅಂತ ಹೇಳ್ಬಿಟ್ಟಿದೀನಿ."

"ಬರ್ಲಿ ಭಾವ. ಟ್ರೇಲರ್ ಮಾರಿ."

ಭಾವ ಬಾಯಿ ತೆರೆದರು. ಕೊಟ್ಟ ಮಾತು ನೆನಪಾಗಿರಬೇಕು, ಮುಚ್ಚಿದರು. ಆಮೇಲೆ ನನ್ನ ಟೈರುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮುಂದಿನ ಎಡಗಡೆಯದಕ್ಕೆ ತಾವೇ ಗಾಳಿ ತುಂಬಿಸಿದರು.

ಅಲ್ಲಿಂದ ಮಿಸೌರಿ ಸಿಟಿಗೆ ಹೋದೆ. ಸದ್ದು ಕೇಳಿ ಅಂಕಲ್ ಬರಿಗಾಲಲ್ಲೇ ಹೊರಗೆ ಬಂದರು. ಹಿಂದೆಯೇ ಹೆಂಡತಿ ಕಾಶವ್ವ ಆಂಟಿ.

"ಬಾ ಯವ್ವಾ. ಫೋನ್ ಮಾಡಿದ್ರ ನಾವ ಬರ್ತಿದ್ವಿ."

"ಟ್ರಂಪೆಟ್ ವಾಪಸ್ ಕೊಡೋಣ ಅಂತ ಬಂದೆ ಅಂಕಲ್."

"ಅದಕ್ಕೇನ ಅವಸರ ಇತ್ತು? ನನಗೇನು ಬೇಕಾಗಿರಲಿಲ್ಲ ಬಿಡು."

"ಬೇಕಾಗಿರಲಿಲ್ಲಂತ" ಎಂದರು ಆಂಟಿ. "ಎರಡು ವರ್ಷಾತು ಗಾಡಿ ನಿಂತು. ದಿನಾ ಮುಂಜಾನೆ ಹೋಗಿ ಒರಸ್ತಾರ, ಬರ್ತಾರ. ಇಸ್ಕೊಂಡ ಬರ್ರಿ ಅಂದ್ರ, ಕೊಟ್ಟದ್ದ ಹೆಂಗ ಕೇಳ್ಲಿ ಅಂತಾರ. ಈಗಂತೂ ಮುಗೀತ, ಸತ್ತವರ ಮನ್ಯಾಗ ಹೆಂಗ ಕೇಳ್ಲಿ ಅಂತ."

"ನೀ ಸುಮ್ಕಿರ" ಎಂದು ಅಂಕಲ್ ಗ್ಯಾರೇಜ್ ಬಾಗಿಲು ಎತ್ತಿದರು. ನಮ್ಮದೇ ಕಾರು, ಬಣ್ಣ ಬೇರೆ. ಬಾನೆಟ್ ಕೆಳಗೆ ಫಿಲ್ಟರ್ ಪೆಟ್ಟಿಗೆಯೇ ಇಲ್ಲ, ಆರು ಬಾಯಿಗಳಿಗೂ ಮಡಿಚಿದ ಬಟ್ಟೆ ತುರುಕಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಹುಡುಗಗ ಛಲೋ ಆದುವಿಲ್ಲೋ?"

ಸೂಪರ್ ಎನ್ನಬಹುದಿತ್ತು. ಈಚೆಗೆ ಎಲ್ಲರೂ ನನಗೆ ಒಳ್ಳೆಯದನ್ನೇ ಹೇಳುತ್ತಿದ್ದರು. ಮಿಹಿರ್‌ಗೆ ನೋವೇ ಗೊತ್ತಾಗಿಲ್ಲ, ನಾನು ಬಹಳ ಗಟ್ಟಿ.

"ಇಲ್ಲ ಅಂಕಲ್. ಫಿಲ್ಟರ್ ಪೆಟ್ಟಿಗೆಯೊಳಗೆ ಜಾಗ ಸಾಲ್ತಿರ್ಲಿಲ್ಲ, ಗಾಳಿ ಹೋಗ್ತಿರ್ಲಿಲ್ಲ. ಕಾರು ಸರಿಯಾಗಿ ಓಡ್ಲೇ ಇಲ್ಲ. ನಿಮಗೆ ಹೇಳೋಕೆ ಅವನಿಗೆ ದಾಕ್ಷಿಣ್ಯ."

ಅಂಕಲ್ ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿದರು. ಮತ್ತೆ ಹಾಕಿಕೊಂಡರು.

"ಒಂದ ಮಾತು ಹೇಳಾಕ ಏನಾಗಿತ್ತು ಅವಗ? ಮಂಗ್ಯಾ."

ಸತ್ತ ಮೇಲೆ ಮಿಹಿರ್‌ನನ್ನು ಬೈದ ಮೊದಲನೆಯವರು ಅವರು.

"ನಿಮಗೆ ಕೇಳೋಕೆ ಏನಾಗಿತ್ತು?" ಎಂದೆ.

ಅವರು ಬಗ್ಗಿ, ಮೊದಲ ಬಾಯಿಯಿಂದ ಬಟ್ಟೆ ಎಳೆದು, ಹಿಂದಕ್ಕೆ ನೋಡದೆ ಕೈ ಚಾಚಿದರು. ನಾನು ಟವೆಲ್ ಬಿಚ್ಚಿ ಒಂದು ಟ್ರಂಪೆಟ್ ಅವರ ಕೈಗಿಟ್ಟೆ.